ಮಲ ಮೂತ್ರ ಮಣ್ಣಿಗೆ ಮರಳುವ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಮೂತ್ರ, ಮಲ ಬೇರೆ ಮಾಡುವ ಒಣ ಕಕ್ಕಸು ಇದೆ. ಬಂದವರೆಲ್ಲ ಅದನ್ನು ನೋಡಬೇಕು ಅನ್ನುತ್ತಾರೆ. ಕೆಲವರು ಮೂಗು ಹಿಡಿದುಕೊಂಡೇ ಒಳಗೆ ಹೋಗುತ್ತಾರೆ, ಹೊರಗೆ ಬರುವಾಗ ಕೈ ಕೆಳಗಿಳಿದಿರುತ್ತದೆ. ಆಮೇಲೆ ಪ್ರಶ್ನೆ ಶುರು. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಇವನ್ನೇ.

ಇದು ಒಟ್ಟಾರೆ ಏನು?

ಮೈಯಿಂದ ಹೊರಗೆ ಹೋಗಿದ್ದನ್ನು ನೀರಿಗೆ ಸೇರಿಸದೆ, ಅದರಲ್ಲಿರುವ ರೋಗಾಣು ಸಾಯುವ ತನಕ ಕಾದು, ಮಣ್ಣಿಗೆ ವಾಪಸ್ ಕೊಡುವುದು. ಅಷ್ಟೇ. ಬೇರೆ ಮಾಡಬೇಕು, ಕಾಯಬೇಕು, ಆಮೇಲೆ ಮಣ್ಣಿಗೆ ಹಾಕಬೇಕು. ಈ ಮೂರರಲ್ಲಿ ನನಗೆ ಮೊದಲನೆಯದೇ ದೊಡ್ಡದಾಗಿ ಕಾಣುತ್ತದೆ. ಮೂತ್ರ, ಮಲ, ತೊಳೆದ ನೀರು ಬೇರೆ ಬೇರೆ ಇದ್ದರೆ ಒಂದೊಂದನ್ನೂ ಸುಲಭವಾಗಿ ನೋಡಿಕೊಳ್ಳಬಹುದು. ಮೂರೂ ಬೆರೆತವೋ, ಗಬ್ಬು ನಾತ, ನೊಣ, ಕಾಯಿಲೆ ಎಲ್ಲ ಒಟ್ಟಿಗೇ ಬರುತ್ತವೆ.

ಫ್ಲಶ್ ಕಕ್ಕಸು ಚೆನ್ನಾಗೇ ಇದೆಯಲ್ಲ, ಅದರಲ್ಲೇನು ತೊಂದರೆ?

ಮನೆಯೊಳಗೆ ನಿಂತು ನೋಡಿದರೆ ತೊಂದರೆಯೇ ಇಲ್ಲ. ಗುಂಡಿ ಒತ್ತಿದರೆ ಮಾಯ. ಆದರೆ ಮಾಯ ಆಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೇ.

ಒಂದು ಲೆಕ್ಕ ಹಾಕೋಣ. ಒಬ್ಬರು ದಿನಕ್ಕೆ ಐದು ಸಲ ಫ್ಲಶ್ ಮಾಡುತ್ತಾರೆ, ಒಂದು ಸಲಕ್ಕೆ 8 ಲೀಟರ್ ಅಂದುಕೊಳ್ಳಿ. ದಿನಕ್ಕೆ 40 ಲೀಟರ್ ಆಯಿತು. ವರ್ಷಕ್ಕೆ 14,600 ಲೀಟರ್. ಅದೇ ಒಬ್ಬರಿಂದ ವರ್ಷಕ್ಕೆ ಬರುವ ಮೂತ್ರ ಸುಮಾರು 500 ಲೀಟರ್, ಮಲ ಸುಮಾರು 50 ಕೆಜಿ. ಅಂದರೆ ಐನೂರೈವತ್ತು ಕೆಜಿ ಸಾಗಿಸಲು ಹದಿನಾಲ್ಕು ಸಾವಿರ ಲೀಟರ್ ಒಳ್ಳೆಯ ನೀರು! ಆ ನೀರೂ ಕೆಡುತ್ತದೆ, ಗೊಬ್ಬರವೂ ಹೋಗುತ್ತದೆ.

ಚರಂಡಿ ವ್ಯವಸ್ಥೆಯನ್ನು ಹಳಿಯುವುದು ನನ್ನ ಉದ್ದೇಶ ಅಲ್ಲ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರುತ್ತಿತ್ತು ಅಂದರೆ ಪಾರ್ಲಿಮೆಂಟಿನವರಿಗೆ ಕೂತು ಕೆಲಸ ಮಾಡುವುದೇ ಕಷ್ಟವಾಯಿತು. ಅದಾದ ಮೇಲೆ ಜೋಸೆಫ್ ಬಜಾಲ್ಗೆಟ್ ಎಂಬ ಎಂಜಿನಿಯರ್ ಕಟ್ಟಿಸಿದ ಒಳಚರಂಡಿಗಳು ಅಲ್ಲಿನ ಜನರನ್ನು ಕಾಲರಾದಿಂದ ಕಾಪಾಡಿದವು. ಅದು ದೊಡ್ಡ ಕೆಲಸವೇ. ಆದರೆ ಆ ದಾರಿ ಕೊನೆ ತನಕ ಸರಿಯಾಗಿರಬೇಕಾದರೆ ಕೊಳಚೆ ಶುದ್ಧ ಮಾಡುವ ಘಟಕ ಬೇಕು, ಕರೆಂಟು ಬೇಕು, ಬೇಕಾದಷ್ಟು ನೀರು ಬೇಕು. ಇವು ಇಲ್ಲದ ಕಡೆ ಫ್ಲಶ್ ಆಗಿದ್ದೆಲ್ಲ ಹತ್ತಿರದ ಹೊಳೆಗೋ ಕೆರೆಗೋ ಹೋಗಿ ಬೀಳುತ್ತದೆ.

ಮೂತ್ರದಲ್ಲಿ ನಿಜವಾಗಲೂ ಗೊಬ್ಬರ ಇದೆಯಾ?

ಇದೆ, ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಬೆಳೆದ ಮನುಷ್ಯನ ಮೈ ಸಾರಜನಕ, ರಂಜಕವನ್ನು ಕೂಡಿಡುವುದಿಲ್ಲ. ಊಟದಲ್ಲಿ ಎಷ್ಟು ಒಳಗೆ ಹೋಯಿತೋ ಹೆಚ್ಚುಕಡಿಮೆ ಅಷ್ಟೂ ಹೊರಗೆ ಬರುತ್ತದೆ. ಬೆಳೆಯುವ ಮಕ್ಕಳಲ್ಲೂ ಮೈಯಲ್ಲಿ ಉಳಿಯುವುದು ಸ್ವಲ್ಪವೇ. ಹೊರಗೆ ಬರುವ ಸಾರಜನಕದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಮೂತ್ರದಲ್ಲೇ ಇರುತ್ತದೆ. ರಂಜಕದಲ್ಲಿ ಅರ್ಧಕ್ಕಿಂತ ಹೆಚ್ಚು, ಪೊಟ್ಯಾಷ್‌ನಲ್ಲೂ ದೊಡ್ಡ ಪಾಲು ಮೂತ್ರದ್ದೇ.

ಒಬ್ಬರ ಒಂದು ವರ್ಷದ ಮೂತ್ರದಲ್ಲಿ 2ರಿಂದ 4 ಕೆಜಿ ಸಾರಜನಕ ಇರುತ್ತದೆ. ಊಟದಲ್ಲಿ ಪ್ರೋಟೀನ್ ಜಾಸ್ತಿ ಇದ್ದರೆ ಇದೂ ಜಾಸ್ತಿ. ಅಂಗಡಿ ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು ಇರುತ್ತದೆ. ಹಾಗಾಗಿ ಇದು ನಾಲ್ಕೂವರೆಯಿಂದ ಒಂಬತ್ತು ಕೆಜಿ ಯೂರಿಯಾಕ್ಕೆ ಸಮ. ಅದೂ ಒಬ್ಬರದ್ದು. ಸುಮಾರು 300 ಚದರ ಮೀಟರ್ ಜಾಗದ ಒಂದು ಬೆಳೆಗೆ ಇಷ್ಟು ಸಾರಜನಕ ಸಾಕಾಗುತ್ತದೆ.

ರಂಜಕದ ಕಥೆ ಇನ್ನೂ ಚೆನ್ನಾಗಿದೆ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೆನ್ನಿಗ್ ಬ್ರಾಂಡ್ ಎಂಬಾತ ಮೂತ್ರದಿಂದ ಚಿನ್ನ ತೆಗೆಯಲು ಹೊರಟ. ರಾಶಿ ಮೂತ್ರ ಕಾಯಿಸಿ ಬತ್ತಿಸಿದ. ಚಿನ್ನ ಸಿಗಲಿಲ್ಲ, ಕತ್ತಲಲ್ಲಿ ಹೊಳೆಯುವ ವಸ್ತುವೊಂದು ಸಿಕ್ಕಿತು. ಅದೇ ರಂಜಕ. ಇವತ್ತು ಅದನ್ನು ಬಂಡೆ ಅಗೆದು ತೆಗೆಯುತ್ತೇವೆ. ಜಗತ್ತಿನ ಫಾಸ್ಫೇಟ್ ಬಂಡೆಯಲ್ಲಿ ಹೆಚ್ಚಿನ ಪಾಲು ಇರುವುದು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿ. ಅಲ್ಲಿಂದ ಅಗೆದು, ಹಡಗಿನಲ್ಲಿ ತಂದು, ಹೊಲಕ್ಕೆ ಹಾಕಿ, ಬೆಳೆದು, ತಿಂದು, ಕೊನೆಗೆ ಹೊಳೆಗೆ ಬಿಡುತ್ತೇವೆ. ಹೊಳೆಯಲ್ಲಿ ಅದೇ ರಂಜಕ ತಿಂದು ಪಾಚಿ ಕಟ್ಟಿಕೊಳ್ಳುತ್ತದೆ, ಮೀನು ಸಾಯುತ್ತವೆ. ಈ ಒಂದು ಸಂಗತಿ ಅರ್ಥವಾದ ದಿನ ನನಗೆ ತುಂಬ ಸಂಕಟವಾಗಿತ್ತು.

ಹೇಸಿಗೆ ಅನಿಸಲ್ವಾ?

ಅನಿಸುತ್ತದೆ. ಅನಿಸಬೇಕು ಕೂಡ. ಹಸಿ ಮಲದ ಬಗ್ಗೆ ನಮಗಿರುವ ಹೇಸಿಗೆ ನಮ್ಮನ್ನು ರೋಗದಿಂದ ಕಾಯುವ ಗುಣ. ಅದನ್ನು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಕಕ್ಕಸಿನ ಕೆಳಗೆ ಮಲ ಬೀಳುವ ತೊಟ್ಟಿಯನ್ನು ಮೊದಲ ಸಲ ತೆಗೆದ ದಿನದ್ದು ಹೇಳುತ್ತೇನೆ. ಒಂದು ವರ್ಷದ ಮೇಲೆ ಎರಡು ತಿಂಗಳು ಮುಚ್ಚಿಟ್ಟಿದ್ದೆವು. ಹಿಂದಿನ ಬಾಗಿಲ ಇಟ್ಟಿಗೆ ಬಿಡಿಸುವಾಗ ಕೈ ನಡುಗುತ್ತಿತ್ತು, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಒಳಗೆ ಬೂದುಬಣ್ಣದ, ಪುಡಿಪುಡಿಯಾದ ಮಣ್ಣಿನಂಥದ್ದು ಇತ್ತು. ಗುದ್ದಲಿ ತಾಗಿಸಿದರೆ ಉದುರಿತು. ಅಲ್ಲಲ್ಲಿ ಬೂದಿಯ ಬಿಳಿ ಪದರ, ನಡುವೆ ಯಾರೋ ಹಾಕಿದ್ದ ಒಂದು ಪ್ಲಾಸ್ಟಿಕ್ ಚೂರು, ಇಟ್ಟದ್ದು ಇಟ್ಟ ಹಾಗೇ. ಬಟ್ಟೆ ಬಿಚ್ಚಿ ನೋಡಿದೆ. ಒಣಮಣ್ಣಿನ ವಾಸನೆ, ಅಷ್ಟೇ. ಕಣ್ಣಿಗೆ, ಮೂಗಿಗೆ ಅದು ಮಲವಾಗಿ ಉಳಿದಿರಲಿಲ್ಲ.

ರೋಗ ಬರಲ್ವಾ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ತಪ್ಪು ಮಾಡಿದರೆ ಖಂಡಿತ ಬರುತ್ತದೆ. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಅಪಾಯ ಹೆಚ್ಚಾಗಿ ಇರುವುದು ಮಲದಲ್ಲಿ. ಕಾಲರಾ, ಭೇದಿ, ಪೋಲಿಯೊ, ಜಂತುಹುಳು ಎಲ್ಲ ಹರಡುವುದು ಅದರಿಂದ. ಆರೋಗ್ಯವಂತರ ಮೂತ್ರದಲ್ಲಿ ರೋಗಾಣು ತುಂಬ ಕಡಿಮೆ. ಟೈಫಾಯ್ಡ್, ಇಲಿಜ್ವರದಂಥ ಕೆಲವು ಕಾಯಿಲೆಗಳಲ್ಲಿ ಮೂತ್ರದಲ್ಲೂ ಬರುತ್ತವೆ. ಆದರೆ ಮೂತ್ರದ ಕ್ಯಾನ್‌ನಲ್ಲಿ ರೋಗಾಣು ಸಿಕ್ಕರೆ ಸಾಮಾನ್ಯವಾಗಿ ಕಾರಣ ಒಂದೇ: ಸ್ವಲ್ಪ ಮಲ ಅದಕ್ಕೆ ಬೆರೆತಿರುತ್ತದೆ.

ಮೂತ್ರವನ್ನು ಮುಚ್ಚಿದ ಕ್ಯಾನ್‌ನಲ್ಲಿ ಸುಮ್ನೆ ಇಟ್ಟರೆ ಅದು ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುತ್ತದೆ. ಅದರಲ್ಲಿನ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಪಿಎಚ್ (ಹುಳಿ, ಕ್ಷಾರ ಅಳೆಯುವ ಅಂಕಿ) 9ರ ಹತ್ತಿರ ಏರುತ್ತದೆ. ಅಷ್ಟು ಕ್ಷಾರದಲ್ಲಿ ರೋಗಾಣುಗಳು ಉಳಿಯುವುದು ಕಷ್ಟ. ನೀರು ಬೆರೆಸದೆ ಇಟ್ಟರೆ ಈ ಕೆಲಸ ಚೆನ್ನಾಗಿ ಆಗುತ್ತದೆ, ಬಿಸಿ ವಾತಾವರಣದಲ್ಲಿ ಇನ್ನೂ ಬೇಗ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ 20 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಆರು ತಿಂಗಳು ಇಟ್ಟ ಮೂತ್ರವನ್ನು ಯಾವ ಬೆಳೆಗಾದರೂ ಹಾಕಬಹುದು. ಒಂದು ಮನೆಯವರು ತಮ್ಮದೇ ಮೂತ್ರವನ್ನು ತಾವೇ ತಿನ್ನುವ ಬೆಳೆಗೆ ಹಾಕಿಕೊಳ್ಳುವುದಾದರೆ ಕೂಡಿಡಲೇಬೇಕೆಂದಿಲ್ಲ. ಹಾಕಿದ್ದಕ್ಕೂ ಕುಯ್ಲಿಗೂ ಒಂದು ತಿಂಗಳ ಅಂತರ ಇರಬೇಕು. ಒಂದೇ ಮನೆಯಲ್ಲಿ ಕಾಯಿಲೆ ಒಬ್ಬರಿಂದೊಬ್ಬರಿಗೆ ಬೇರೆ ದಾರಿಯಲ್ಲೇ ಸುಲಭವಾಗಿ ದಾಟುತ್ತದೆ, ಅದಕ್ಕೇ ಈ ಸಡಿಲಿಕೆ.

ಮಲಕ್ಕೆ ಇಂಥ ಸಡಿಲಿಕೆ ಇಲ್ಲ. ಅದರಲ್ಲಿ ನಮ್ಮ ದೊಡ್ಡ ಶತ್ರು ಜಂತುಹುಳುವಿನ ಮೊಟ್ಟೆ. ಒಂದು ಹೆಣ್ಣು ಜಂತುಹುಳು ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡುತ್ತದೆ. ಬ್ಯಾಕ್ಟೀರಿಯಾ, ವೈರಸ್ ಸತ್ತ ಮೇಲೂ ಈ ಮೊಟ್ಟೆ ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಹಾಗಾಗಿ 20 ಡಿಗ್ರಿಗಿಂತ ಹೆಚ್ಚು ಬಿಸಿಯಿರುವ ಕಡೆ ಒಂದು ವರ್ಷಕ್ಕೂ ಮೀರಿ, ತಂಪು ಊರಲ್ಲಿ ಒಂದೂವರೆಯಿಂದ ಎರಡು ವರ್ಷ ಒಣಗಿಸಿ ಇಡಬೇಕು. ಬೂದಿ ಅಥವಾ ಸುಣ್ಣ ಹಾಕುವುದೂ ಇದಕ್ಕೇ. ತೇವ ಹೀರುತ್ತದೆ, ಪಿಎಚ್ ಏರಿಸುತ್ತದೆ, ನೊಣ ಕೂರದ ಹಾಗೆ ನೋಡಿಕೊಳ್ಳುತ್ತದೆ. ಇನ್ನೊಂದು ದಾರಿ ಬಿಸಿ ಕಾಂಪೋಸ್ಟ್. ರಾಶಿಯ ಒಳಗೆ 50 ಡಿಗ್ರಿಗಿಂತ ಹೆಚ್ಚಿನ ಕಾವು ಒಂದು ವಾರಕ್ಕೂ ಮೀರಿ ನಿಲ್ಲಬೇಕು, ಅದೂ ಎಲ್ಲ ಭಾಗಕ್ಕೂ ತಲುಪಬೇಕು. ಮನೆಯ ಸಣ್ಣ ರಾಶಿಯಲ್ಲಿ ಅಷ್ಟು ಕಾವು ಹಿಡಿಯುವುದು ಕಷ್ಟ. ಅದಕ್ಕೆ ನನ್ನ ಮಾತು ಕೇಳುವುದಾದರೆ, ಮನೆ ಮಟ್ಟದಲ್ಲಿ ಕಾಯುವುದನ್ನೇ ನಂಬಿ.

ಕಕ್ಕಸು ಹೇಗಿರುತ್ತದೆ? ತೊಳೆದುಕೊಳ್ಳುವುದು ಎಲ್ಲಿ?

ನೆಲದಿಂದ ಮೂರು ಮೆಟ್ಟಿಲು ಎತ್ತರದಲ್ಲಿ ಕೂರುವ ಜಾಗ. ಕೆಳಗೆ ಅಕ್ಕಪಕ್ಕ ಎರಡು ತೊಟ್ಟಿ. ಪ್ಯಾನಿನ ಮುಂದಿನ ಬಟ್ಟಲಿಗೆ ಬಿದ್ದ ಮೂತ್ರ ಪೈಪಿನಲ್ಲಿ ಕ್ಯಾನಿಗೆ ಹೋಗುತ್ತದೆ. ನಡುವಿನ ತೂತಿನಿಂದ ಮಲ ನೇರ ತೊಟ್ಟಿಗೆ ಬೀಳುತ್ತದೆ. ಎದ್ದ ಮೇಲೆ ಒಂದು ಹಿಡಿ ಬೂದಿ ಹಾಕಿ ಮುಚ್ಚಳ ಮುಚ್ಚಬೇಕು. ಒಂದು ತೊಟ್ಟಿ ತುಂಬಿದರೆ ಅದನ್ನು ಮುಚ್ಚಿ ಇನ್ನೊಂದನ್ನು ಬಳಸಬೇಕು. ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದರ ಕಾಯುವ ಗಡುವು ಮುಗಿದಿರಬೇಕು, ಅಷ್ಟು ದೊಡ್ಡದಾಗಿ ಕಟ್ಟಿಕೊಳ್ಳಬೇಕು. ಈ ಎರಡು ತೊಟ್ಟಿಯ ಉಪಾಯ ವಿಯೆಟ್ನಾಂನಲ್ಲಿ 1950ರ ದಶಕದಲ್ಲಿ ಬಳಕೆಗೆ ಬಂತು.

ತೊಳೆದುಕೊಳ್ಳಲು ಹಿಂದೆ ಸರಿದು ಕೂರಬೇಕು. ಅಲ್ಲಿ ಮೂರನೆಯ ಬಟ್ಟಲು ಇರುತ್ತದೆ. ಆ ನೀರು ಪೈಪಿನಲ್ಲಿ ಹೋಗಿ ಜಲ್ಲಿ ತುಂಬಿದ, ಗಿಡ ನೆಟ್ಟ ಪಾತಿಯ ಮಣ್ಣಿನೊಳಗೆ ಇಂಗುತ್ತದೆ. ಸೊಪ್ಪು ತರಕಾರಿಯನ್ನು ಆ ಪಾತಿಯಲ್ಲಿ ಬೆಳೆಯಬೇಡಿ. ಸರಿದು ಕೂರುವುದು ಮೊದಲ ವಾರ ಕಿರಿಕಿರಿ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ವಾಸನೆ?

ತೊಟ್ಟಿ ಒಣಗಿದ್ದರೆ ವಾಸನೆ ಇರುವುದಿಲ್ಲ. ವಾಸನೆ ಬಂತು ಅಂದರೆ ಎಲ್ಲೋ ನೀರು ಸೇರಿದೆ ಎಂದೇ ಅರ್ಥ, ಹುಡುಕಿ. ಮೂತ್ರದ ಕ್ಯಾನ್ ಮುಚ್ಚಳ ತೆಗೆದರೆ ಮಾತ್ರ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ. ಮುಖ ಒಂದು ಕಡೆ ತಿರುಗಿಸಿ ತೆಗೆಯಿರಿ.

ಮೂತ್ರವನ್ನು ಬೆಳೆಗೆ ಹಾಕುವುದು ಹೇಗೆ?

ಒಂದಕ್ಕೆ ಮೂರರಿಂದ ಹತ್ತರಷ್ಟು ನೀರು ಬೆರೆಸಿ ಹಾಕುವುದು ರೂಢಿ. ಎಳೆ ಗಿಡಕ್ಕೆ ಹೆಚ್ಚು ನೀರು, ಬಲಿತ ಗಿಡಕ್ಕೆ ಕಡಿಮೆ. ಬೆರೆಸದೆಯೂ ಹಾಕಬಹುದು, ಆದರೆ ಹಾಕಿದ ಕೂಡಲೇ ನೀರು ಬಿಡಬೇಕು.

ನಾನು ಮಾಡುವುದು ಹೀಗೆ. ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ಬೆರಳುದ್ದ ಆಳದ ಸಾಲು ತೋಡುತ್ತೇನೆ. ಸಾಲಿಗೆ ಮೂತ್ರ ಸುರಿದು ತಕ್ಷಣ ಮಣ್ಣು ಎಳೆಯುತ್ತೇನೆ. ಮಣ್ಣು ಎಳೆಯುವುದನ್ನು ಮಾತ್ರ ಮರೆಯಬಾರದು. ಮೇಲೆ ಬಿಟ್ಟರೆ ಅಮೋನಿಯಾ ಗಾಳಿಗೆ ಹಾರಿಹೋಗುತ್ತದೆ, ನಾತ ಬರುತ್ತದೆ, ಗೊಬ್ಬರವೂ ನಷ್ಟ. ಎಲೆಯ ಮೇಲೆ ಬಿದ್ದರೆ ಎಲೆ ಸುಡುತ್ತದೆ. ಬುಡಕ್ಕೇ ಸುರಿದರೆ ಬೇರು ಸುಡುತ್ತದೆ.

ಲೆಕ್ಕ ಬೇಕು ಅಂದರೆ, ಒಂದು ಚದರ ಮೀಟರಿಗೆ ಒಂದು ಬೆಳೆಗೆ ಒಂದೂವರೆ ಲೀಟರ್ ಮೂತ್ರ. ಎರಡು ಮೂರು ಕಂತಿನಲ್ಲಿ ಕೊಡಿ. ಎಲೆ ಕಾಂಡ ಬೆಳೆಯುವ ಹೊತ್ತಿನಲ್ಲಿ ಗಿಡಕ್ಕೆ ಸಾರಜನಕದ ಹಸಿವು ಜಾಸ್ತಿ. ಕಾಯಿ ಬಲಿಯುವಾಗ ಕೊಟ್ಟರೆ ಹೆಚ್ಚು ಪ್ರಯೋಜನ ಇಲ್ಲ. ಕುಯ್ಲಿಗೆ ಒಂದು ತಿಂಗಳು ಇರುವಾಗಲೇ ನಿಲ್ಲಿಸಿ. ಜೋರು ಮಳೆ ಬರುವ ಮುಂಚೆಯೂ ಬೇಡ, ಕೊಚ್ಚಿಹೋಗುತ್ತದೆ. ಜೋಳ, ಬಾಳೆ, ಸೊಪ್ಪು, ಹುಲ್ಲು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ದ್ವಿದಳ ಬೆಳೆಗಳು ಸಾರಜನಕವನ್ನು ಗಾಳಿಯಿಂದಲೇ ತೆಗೆದುಕೊಳ್ಳುತ್ತವೆ, ಅವಕ್ಕೆ ಹಾಕುವುದು ದಂಡ.

ಕೈಗವಸು ಹಾಕಿಕೊಳ್ಳಿ, ಕೆಲಸ ಆದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಉಪ್ಪು ಕಟ್ಟಿಕೊಳ್ಳಲ್ವಾ?

ಮಳೆ ಕಡಿಮೆ ಇರುವ, ನೀರು ಬಸಿಯದ ಜಿಗುಟು ಮಣ್ಣಿನಲ್ಲಿ ಕಟ್ಟಿಕೊಳ್ಳಬಹುದು. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ನಿಲ್ಲಿಸಿ. ಕುಂಡದ ಗಿಡಗಳಲ್ಲಿ ಈ ತೊಂದರೆ ಬೇಗ ಬರುತ್ತದೆ. ಅವಕ್ಕೆ ಹೆಚ್ಚು ನೀರು ಬೆರೆಸಿ, ನಡುನಡುವೆ ಬರೀ ನೀರು ಕೊಡಿ. ಮೂತ್ರದಲ್ಲಿ ಮಣ್ಣಿಗೆ ಬೇಕಾದ ನಾರು, ಕಸಕಡ್ಡಿಯ ಅಂಶ ಇಲ್ಲ. ಕಾಂಪೋಸ್ಟ್, ಮುಚ್ಚಿಗೆ ಜೊತೆಗಿದ್ದರೆ ಮಾತ್ರ ಮಣ್ಣು ಚೆನ್ನಾಗಿರುತ್ತದೆ.

ಮಲದ ಗೊಬ್ಬರ ಯಾವುದಕ್ಕೆ ಹಾಕಬಹುದು?

ಬಿತ್ತುವ ಮುಂಚೆ ಮಣ್ಣಿಗೆ ಸೇರಿಸಿ. ಬೆಳೆ ನಿಂತ ಮೇಲೆ ಮೇಲುಗೊಬ್ಬರವಾಗಿ ಬೇಡ. ಹಣ್ಣಿನ ಮರ, ಬೇಯಿಸಿ ತಿನ್ನುವ ಬೆಳೆ, ಹೂವು ಇವಕ್ಕೆ ಸರಿ. ಹಸಿಯಾಗಿ ತಿನ್ನುವ ಕ್ಯಾರೆಟ್, ಮೂಲಂಗಿ, ಸೊಪ್ಪಿಗೆ ಹಾಕಬೇಡಿ, ಎಷ್ಟೇ ಕಾದಿದ್ದರೂ. ಕಾಯುವಲ್ಲಿ ಎಲ್ಲೋ ತಪ್ಪಾಗಿದ್ದರೆ ಅಂತ ಇದು ಎರಡನೆಯ ಬೇಲಿ.

ಸೆಪ್ಟಿಕ್ ಟ್ಯಾಂಕಿನ ಗಸಿಯನ್ನು ನೇರವಾಗಿ ಹೊಲಕ್ಕೆ ಬಿಡಬಹುದಾ?

ಬೇಡ. ಅದರಲ್ಲಿ ನಿನ್ನೆಯ ಮಲವೂ ಇರುತ್ತದೆ, ಎರಡು ವರ್ಷದ ಹಿಂದಿನದೂ ಇರುತ್ತದೆ. ಬೆಳೆ ಚೆನ್ನಾಗಿ ಬರುತ್ತದೆ ನಿಜ, ಆದರೆ ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ, ತಿನ್ನುವವರಿಗೆ ಜಂತುಹುಳು. ಒಣಗಿಸಿ, ಕಾಂಪೋಸ್ಟ್ ಮಾಡಿ, ಗಡುವು ಮುಗಿದ ಮೇಲೆ ಹಾಕಬೇಕು.

ಮಾತ್ರೆ ತೆಗೆದುಕೊಳ್ಳುವವರ ಮೂತ್ರ?

ಮಾತ್ರೆಗಳ ಅಂಶ ಹೆಚ್ಚಾಗಿ ಮೂತ್ರದಲ್ಲೇ ಹೊರಗೆ ಬರುತ್ತದೆ, ಅದು ನಿಜ. ಆದರೆ ಫ್ಲಶ್ ಮಾಡಿದರೆ ಅದೇ ಅಂಶ ನೀರಿಗೆ ಹೋಗುತ್ತದೆ, ಹೊಳೆಯಿಂದ ಮತ್ತೆ ಯಾರದೋ ಕುಡಿಯುವ ನೀರಿಗೆ ಬರಬಹುದು. ನೀರಿಗಿಂತ ಮಣ್ಣಿನಲ್ಲಿ ಅದನ್ನು ಒಡೆಯುವ ಸೂಕ್ಷ್ಮಜೀವಿಗಳು ಬಹಳ ಹೆಚ್ಚು. ಆದರೂ ಆಂಟಿಬಯಾಟಿಕ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮೂತ್ರವನ್ನು ಬೇರೆ ಇಟ್ಟು ತಿನ್ನುವ ಬೆಳೆಗೆ ಹಾಕದಿರುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸೀಸ, ಕ್ಯಾಡ್ಮಿಯಂ ಥರದ ಲೋಹಗಳ ಭಯ ಬೇಡ. ಮೂತ್ರದಲ್ಲಿ ಅವು ತೀರಾ ಕಡಿಮೆ.

ಪೈಪು ಕಟ್ಟಿಕೊಳ್ಳುತ್ತದಂತೆ?

ನಮ್ಮದೂ ಕಟ್ಟಿಕೊಂಡಿತ್ತು. ಎರಡನೆಯ ವರ್ಷ ಮೂತ್ರ ಬಟ್ಟಲಿನಲ್ಲೇ ನಿಲ್ಲತೊಡಗಿತು. ಬಿಚ್ಚಿ ನೋಡಿದರೆ ಪೈಪಿನ ಬಾಗಿನಲ್ಲಿ ಬೆಳ್ಳಗಿನ ಗಟ್ಟಿ ಕಲ್ಲು, ಉಗುರಿನಿಂದ ಕೆರೆದರೂ ಏಳದು. ಅದು ಸ್ಟ್ರುವೈಟ್. ಮೂತ್ರದ ರಂಜಕ, ಮೆಗ್ನೀಸಿಯಂ, ಅಮೋನಿಯಾ ಸೇರಿ ಕಟ್ಟುವ ಹರಳು. ಸಣ್ಣ ಪೈಪು ಹಾಕಿದ್ದು, ಇಳಿಜಾರು ಸಾಲದೆ ಇದ್ದದ್ದು ನಮ್ಮ ತಪ್ಪು. ಅಗಲದ ಪ್ಲಾಸ್ಟಿಕ್ ಪೈಪು ಹಾಕಿ, ಬಾಗು ಕಡಿಮೆ ಮಾಡಿ, ಚೆನ್ನಾಗಿ ಇಳಿಜಾರು ಕೊಡಿ. ತಿಂಗಳಿಗೊಮ್ಮೆ ವಿನೆಗರ್ ಸುರಿದು ರಾತ್ರಿಯಿಡೀ ಬಿಟ್ಟರೆ ಹರಳು ಕರಗುತ್ತದೆ. ಲೋಹದ ಪೈಪು ಬೇಡವೇ ಬೇಡ, ತುಕ್ಕು ತಿನ್ನುತ್ತದೆ. ಕೆರೆದು ತೆಗೆದ ಹರಳನ್ನು ಬಿಸಾಡಬೇಡಿ, ಅದು ನಿಧಾನವಾಗಿ ಕರಗುವ ಒಳ್ಳೆಯ ರಂಜಕದ ಗೊಬ್ಬರ.

ಒಬ್ಬರ ಮಲವನ್ನು ಇನ್ನೊಬ್ಬರು ಎತ್ತುವ ಕೆಲಸ ಮತ್ತೆ ಶುರುವಾಗಲ್ವಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಯಾವಾಗಲೂ ಕೈಮುಗಿಯುತ್ತೇನೆ. ಹಸಿ ಮಲವನ್ನು ಯಾವ ಮನುಷ್ಯನೂ ಕೈಯಿಂದ ಎತ್ತುವಂತೆ ಆಗಬಾರದು. ಆ ಅವಮಾನವನ್ನು ಗೊಬ್ಬರದ ಹೆಸರಲ್ಲಿ ವಾಪಸ್ ತರುವುದಾದರೆ ಈ ವ್ಯವಸ್ಥೆಯೇ ಬೇಡ.

ಎರಡು ತೊಟ್ಟಿ ಇರುವುದು ಅದಕ್ಕೇ. ಹಸಿಯಾಗಿದ್ದಾಗ ತೆಗೆಯುವ ಅವಕಾಶವೇ ಅದರಲ್ಲಿ ಇಲ್ಲ, ತೆಗೆಯುವ ಹೊತ್ತಿಗೆ ಅದು ಒಣಮಣ್ಣು. ನಮ್ಮ ತೊಟ್ಟಿಯನ್ನು ನಾವೇ ತೆಗೆಯುತ್ತೇವೆ, ಇದು ಮನೆಯಲ್ಲಿ ನಾವು ಹಾಕಿಕೊಂಡ ನಿಯಮ. ಕೂಲಿಗೆ ಜನ ಕರೆಯುವುದಾದರೆ ಗಡುವು ಮುಗಿದಿರಬೇಕು, ಬೂಟು, ಕೈಗವಸು, ಮಾಸ್ಕ್ ಕೊಡಬೇಕು, ನೀವೂ ಜೊತೆಗೆ ಗುದ್ದಲಿ ಹಿಡಿಯಬೇಕು.

ದೊಡ್ಡ ಊರುಗಳಲ್ಲಿ ಇದು ನಡೆಯುತ್ತದೆಯಾ?

ಗೆದ್ದ ಕಥೆಯೂ ಇದೆ, ಸೋತ ಕಥೆಯೂ ಇದೆ. ಸೋತದ್ದನ್ನು ಮೊದಲು ಹೇಳುತ್ತೇನೆ. ಚೀನಾದ ಇನ್ನರ್ ಮಂಗೋಲಿಯಾದ ಎರ್ಡೋಸ್‌ನಲ್ಲಿ ಸುಮಾರು 800 ಮನೆಗಳ ಬಹುಮಹಡಿ ಬಡಾವಣೆಯಲ್ಲಿ ಒಣ ಕಕ್ಕಸು ಹಾಕಿದ್ದರು. ವಾಸನೆ, ಪೈಪಿನ ತೊಂದರೆ, ಜನರ ಬೇಸರ ಎಲ್ಲ ಸೇರಿ ಕೊನೆಗೆ ಅವನ್ನು ಕಿತ್ತು ಫ್ಲಶ್ ಹಾಕಿದರು. ದಕ್ಷಿಣ ಆಫ್ರಿಕಾದ ಡರ್ಬನ್ ಸುತ್ತಮುತ್ತ ಹತ್ತಾರು ಸಾವಿರ ಮನೆಗಳಿಗೆ ಬೇರ್ಪಡಿಸುವ ಕಕ್ಕಸು ಕಟ್ಟಿಕೊಟ್ಟರು. ಅಲ್ಲೂ ಬಹಳ ಜನರಿಗೆ ಅದು ಬಡವರ ಕಕ್ಕಸು ಅನಿಸಿತು, ಫ್ಲಶ್ಸೇ ಬೇಕು ಅಂದರು. ಬಳಸುವವರ ಮನಸ್ಸು ಒಪ್ಪದೆ ಇದ್ದರೆ ಎಂಜಿನಿಯರ್ ಎಷ್ಟು ಜಾಣನಾದರೂ ಏನೂ ಆಗುವುದಿಲ್ಲ.

ಇನ್ನು ನಡೆಯುತ್ತಿರುವುದು. ಹೈಟಿಯಲ್ಲಿ ಸಾಯಿಲ್ ಎಂಬ ಸಂಸ್ಥೆ ಮನೆಗಳಿಂದ ಮುಚ್ಚಿದ ಡಬ್ಬಿ ತೆಗೆದುಕೊಂಡು ಹೋಗಿ, ಬಿಸಿ ಕಾಂಪೋಸ್ಟ್ ಮಾಡಿ ಹೊಲಗಳಿಗೆ ಕೊಡುತ್ತಿದೆ. ಅಮೆರಿಕದ ವರ್ಮಾಂಟ್‌ನಲ್ಲಿ ರಿಚ್ ಅರ್ತ್ ಇನ್‌ಸ್ಟಿಟ್ಯೂಟ್ ಊರಿನವರ ಮೂತ್ರ ಸಂಗ್ರಹಿಸಿ, ಬಿಸಿ ಮಾಡಿ ರೋಗಾಣು ಕೊಂದು ರೈತರಿಗೆ ತಲುಪಿಸುತ್ತಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಮೂತ್ರದಿಂದ ಮಾಡಿದ ಔರಿನ್ ಎಂಬ ದ್ರವ ಗೊಬ್ಬರಕ್ಕೆ 2018ರಲ್ಲಿ ತಿನ್ನುವ ಬೆಳೆಗಳಿಗೂ ಬಳಸಲು ಸರ್ಕಾರದ ಒಪ್ಪಿಗೆ ಸಿಕ್ಕಿತು. ಊರು ದೊಡ್ಡದಾದಷ್ಟೂ ಸಾಗಣೆಯೇ ದೊಡ್ಡ ತಲೆನೋವು. ಮೂತ್ರದಲ್ಲಿ ಹೆಚ್ಚಿನ ಪಾಲು ನೀರೇ ಅಲ್ವಾ? ಅದಕ್ಕೇ ಬತ್ತಿಸುವ, ಒಣಗಿಸುವ ಉಪಾಯಗಳ ಮೇಲೆ ಈಗ ಕೆಲಸ ನಡೆಯುತ್ತಿದೆ.

ಇಷ್ಟೆಲ್ಲ ಕಟ್ಟಿಸಲು ಆಗದಿದ್ದರೆ?

ಮರ ನೆಡುವ ಕಕ್ಕಸು ಮಾಡಿ. ಜಿಂಬಾಬ್ವೆಯಲ್ಲಿ ಪೀಟರ್ ಮಾರ್ಗನ್ ಇದನ್ನು ಬೆಳೆಸಿದರು, ಆರ್ಬರ್ಲೂ ಅಂತ ಹೆಸರು. ಒಂದು ಮೀಟರ್ ಆಳದ ಗುಂಡಿ, ಮೇಲೆ ಎತ್ತಿ ಸರಿಸಬಹುದಾದ ಚಪ್ಪಡಿ, ಹಗುರವಾದ ಮರೆ. ಪ್ರತಿ ಸಲ ಮಣ್ಣು, ಬೂದಿ, ಒಣ ಎಲೆ ಹಾಕಬೇಕು. ಮುಕ್ಕಾಲು ತುಂಬಿದ ಮೇಲೆ ಒಳ್ಳೆಯ ಮಣ್ಣು ಮುಚ್ಚಿ ಗಿಡ ನೆಟ್ಟು, ಚಪ್ಪಡಿಯನ್ನು ಮುಂದಿನ ಗುಂಡಿಗೆ ಸಾಗಿಸಿದರೆ ಆಯಿತು. ಮಲ ಎತ್ತುವ ಮಾತೇ ಇಲ್ಲ. ಅಂತರ್ಜಲ ಮೇಲೇ ಇರುವ ಕಡೆ, ಬಾವಿ ಹತ್ತಿರ ಮಾತ್ರ ಬೇಡ.

ಅದಕ್ಕೂ ಜಾಗ ಇಲ್ಲವೇ? ಬಿಗಿ ಮುಚ್ಚಳದ ಒಂದು ಕ್ಯಾನ್, ಒಂದು ಆಲಿಕೆ ಸಾಕು. ಮೂತ್ರ ಮಾತ್ರ ಹಿಡಿದಿಡಿ, ತುಂಬಿದ ತಾರೀಕು ಕ್ಯಾನ್ ಮೇಲೆ ಬರೆಯಿರಿ. ಬರೆಯದಿದ್ದರೆ ಯಾವುದು ಹಳೆಯದು, ಯಾವುದು ಹೊಸದು ಅನ್ನುವುದೇ ಮರೆತುಹೋಗುತ್ತದೆ.

ನೆಂಟರು ಬಂದು ತಪ್ಪಾಗಿ ನೀರು ಸುರಿದುಬಿಟ್ಟರೆ?

ಬೈಯಬೇಡಿ. ಎರಡು ಬೊಗಸೆ ಜಾಸ್ತಿ ಬೂದಿ ಅಥವಾ ಮರದ ಹೊಟ್ಟು ಹಾಕಿ, ಒಂದು ವಾರ ನೋಡಿ. ಒಣಗುತ್ತದೆ. ತುಂಬ ನೀರು ಬಿದ್ದಿದ್ದರೆ ಹಿಂದಿನ ಬಾಗಿಲ ಕಡೆಯಿಂದ ಹೊಟ್ಟು ತುಂಬಿಸಿ, ಆ ತೊಟ್ಟಿಯ ಕಾಯುವ ಲೆಕ್ಕವನ್ನು ಆ ದಿನದಿಂದ ಹೊಸದಾಗಿ ಶುರು ಮಾಡಿ. ನಮ್ಮಲ್ಲಿ ಬಾಗಿಲ ಒಳಗೆ ಕಣ್ಣಿನ ಎತ್ತರಕ್ಕೆ ಒಂದು ಚಿತ್ರ ಬರೆದು ಅಂಟಿಸಿದ್ದೇವೆ: ಮುಂದೆ ಮೂತ್ರ, ನಡುವೆ ಮಲ, ಹಿಂದೆ ನೀರು, ಪಕ್ಕದಲ್ಲಿ ಬೂದಿ ಡಬ್ಬಿ. ಮಕ್ಕಳು ಅದನ್ನು ನೋಡಿ ದೊಡ್ಡವರಿಗೆ ಹೇಳಿಕೊಡುತ್ತಾರೆ.